ಭಟ್ರ ನಾಲಿಗೆ ಮತ್ತು ಜಿಂಕ್ ಮಾತ್ರೆ

ಮಾತ್ರೆ ಗಂಟಲು ದಾಟಿದರೆ ಅದರ ಡ್ಯೂಟಿ ಮುಗಿಯಿತು ಅಂತ ನಂಬುವವರು ಈ ಊರಿನಲ್ಲಿ ಇರುವಷ್ಟು ದಿನ ನನಗೆ ಬೇರೆ ಮನರಂಜನೆ ಬೇಡ. ಮುಂಬೈ ಹತ್ತಿರದ ಡೊಂಬಿವ್ಲಿ ಈಸ್ಟಿನಲ್ಲಿ, ಸ್ಟೇಷನ್ನಿಂದ ಐದು ನಿಮಿಷದ ದಾರಿಯಲ್ಲಿರುವ ಮೆಡಿಕಲ್ ಅಂಗಡಿಯಲ್ಲಿ ನಾನು ಫಾರ್ಮಸಿಸ್ಟ್. ಮದುವೆಯಾಗಿ ಉಡುಪಿ ಕಡೆಯಿಂದ ಬಂದವಳು ಇಪ್ಪತ್ತು ವರ್ಷದಿಂದ ಇದೇ ಕೌಂಟರಿನ ಹಿಂದೆ ನಿಂತಿದ್ದೇನೆ. ಮೊನ್ನೆ ಒಬ್ಬರು ಕ್ಯಾಲ್ಸಿಯಂ, ಕಬ್ಬಿಣ, ಜಿಂಕ್ ಮೂರೂ ಮಾತ್ರೆಯನ್ನು ಒಟ್ಟಿಗೆ ಬಾಯಿಗೆ ಎಸೆದು, "ಟೈಮ್ ಸೇವ್, ಮ್ಯಾಡಮ್" ಅಂದರು. ಟೈಮ್ ಏನೋ ಸೇವ್ ಆಯಿತು, ಆದರೆ ಕರುಳಿನಲ್ಲಿ ಇವು ಒಳಗೆ ಹೋಗುವುದು ಬೆಳಗಿನ ಫಾಸ್ಟ್ ಲೋಕಲ್ ರೈಲು ಹತ್ತುವ ಹಾಗೆ. ತಳ್ಳಾಟದಲ್ಲಿ ಯಾರಾದರೂ ಒಬ್ಬರು ಪ್ಲಾಟ್‌ಫಾರ್ಮಿನಲ್ಲೇ ಉಳಿಯುತ್ತಾರೆ. ಇದನ್ನು ನಾನು ದಿನಕ್ಕೆ ಹತ್ತು ಸಲ ಹೇಳುತ್ತೇನೆ. ಹತ್ತು ಸಲವೂ ಜನ "ಹೌದಾ?" ಅಂತ ಕೇಳಿ, ಅಂಗಡಿ ಎದುರಿನ ಚಹಾದ ಗಾಡಿಯಲ್ಲಿ ಮಾತ್ರೆ ನುಂಗಿ ಹೋಗುತ್ತಾರೆ.

ಆದರೆ ಈ ವರ್ಷದ ಮಳೆಗಾಲದಲ್ಲಿ ನಮ್ಮ ಪಕ್ಕದ ಹೋಟೆಲಿನ ಅಡಿಗೆ ಭಟ್ರು ಒಬ್ಬರೇ ಒಂದು ಜಿಂಕ್ ಮಾತ್ರೆ ಹಿಡಿದುಕೊಂಡು ನನ್ನನ್ನು ಕುಣಿಸಿದಷ್ಟು ಇನ್ಯಾರೂ ಕುಣಿಸಿಲ್ಲ.

೧. ಉಪ್ಪು ಯಾರ ಸುಪರ್ದಿಗೆ

ಪಕ್ಕದ್ದು ಉಡುಪಿ ಹೋಟೆಲು. ಅಲ್ಲಿ ಮೂವತ್ತು ವರ್ಷದಿಂದ ಒಲೆಯ ಮುಂದೆ ಇರುವವರು ಈ ಭಟ್ರು. ಬೆಳಗಿನ ಅಡಿಗೆ ಆದಮೇಲೆ ಗೋಡೆಯ ಗಣಪತಿಗೆ ನೈವೇದ್ಯ ಆಗುವವರೆಗೆ ಅವರು ಕಾಫಿ ಬಿಟ್ಟು ಬೇರೆ ಯಾವುದನ್ನೂ ರುಚಿ ನೋಡುವುದಿಲ್ಲ. ನೈವೇದ್ಯ ಆದಮೇಲೆ ಒಂದೇ ಒಂದು ಚಮಚ ಸಾಂಬಾರು ಅಂಗೈಗೆ ಹಾಕಿ ನೆಕ್ಕಿ, ಉಪ್ಪು ಹುಳಿ ಸರಿ ಮಾಡುತ್ತಾರೆ. ಆ ಒಂದು ಚಮಚದ ಮೇಲೆ ಇಡೀ ಹೋಟೆಲು ನಡೆಯುತ್ತಿತ್ತು.

ಜೂನಿನಲ್ಲಿ ಭಟ್ರಿಗೆ ಜ್ವರ ಬಂತು. ಜ್ವರ ಬಿಟ್ಟಿತು, ಹೋಗುವಾಗ ನಾಲಿಗೆಯ ರುಚಿಯನ್ನೂ ಕಟ್ಟಿಕೊಂಡು ಹೋಯಿತು. ಭಟ್ರು ಇದನ್ನು ಯಾರಿಗೂ ಹೇಳಲಿಲ್ಲ. ಧಣಿಗಳನ್ನು, ಅಂದರೆ ಹೋಟೆಲಿನ ಯಜಮಾನರನ್ನು ಕರೆದು, "ಸ್ವಲ್ಪ ಉಪ್ಪು ನೋಡಿ ಧಣಿ, ನನಗೆ ಇವತ್ತು ಉಪವಾಸ" ಅಂದರು. ಧಣಿಗಳಿಗೆ ಬಿಪಿ. ಹತ್ತು ವರ್ಷದಿಂದ ಮನೆಯಲ್ಲಿ ಉಪ್ಪಿಲ್ಲದ ಊಟ. ಅವರಿಗೆ ಸಮುದ್ರದ ನೀರಿನಿಂದ ಹಿಡಿದು ಕುಡಿಯುವ ನೀರಿನವರೆಗೆ ಎಲ್ಲವೂ ಉಪ್ಪುಪ್ಪೇ. ನೆಕ್ಕಿ, "ಸ್ವಲ್ಪ ಜಾಸ್ತಿಯೇ ಆಯಿತು ಭಟ್ರೆ" ಅಂದರು. ಮರುದಿನ ಭಟ್ರು ಕಡಿಮೆ ಮಾಡಿದರು. ಅದರ ಮರುದಿನ ಇನ್ನೂ ಕಡಿಮೆ.

ಉಪ್ಪು ಇಳಿದದ್ದನ್ನು ಮೊದಲು ಹಿಡಿದವ ಮುಕಾದಮ. ಕಲಬುರಗಿಯವ, ರಬಾಳೆಯ ಒಂದು ರಬ್ಬರ್ ಕಾರ್ಖಾನೆಯಲ್ಲಿ ಲೋಡಿಂಗ್ ಮಾಡುವವರ ಮೇಲೆ ಮುಕಾದಮ, ಅಂದರೆ ಮೇಸ್ತ್ರಿ. ದಿನಾ ಬೆಳಿಗ್ಗೆ ಇಲ್ಲಿ ಇಡ್ಲಿ ಸಾಂಬಾರು ತಿಂದೇ ಲೋಕಲಿನಲ್ಲಿ ಠಾಣೆ ರೈಲು ಸ್ಟೇಷನ್ನಿಗೆ ಹೋಗಿ ಗಾಡಿ ಬದಲಿಸಿ ಕೆಲಸಕ್ಕೆ ಹೋಗುವವ. ಒಂದು ದಿನ ನನ್ನ ಕೌಂಟರಿಗೆ ಬಂದು ದನಿ ಇಳಿಸಿ ಕೇಳಿದ:

"ಅಕ್ಕಾರ, ಭಟ್ರಿಗಿ ಬಿಪಿ ಗುಳಿಗಿ ನೀವೇ ಕೊಡ್ತೀರೇನ್ರಿ?"

"ಅವರಿಗೆ ಬಿಪಿ ಇಲ್ಲ. ಯಾಕೆ?"

"ಹಂಗಾದ್ರ ಊರ ಮಂದಿಗೆಲ್ಲಾ ಬಿಪಿ ಅದ ಅಂತ ತಿಳ್ಕೊಂಡಾರ್ರಿ ಅವರು. ಎಂಟು ದಿನಾತು, ಸಾಂಬಾರಿನ್ಯಾಗ ಉಪ್ಪೇ ಇಲ್ಲ!"

೨. ಎರಡು ಗಂಟೆ ಎಲ್ಲಿಂದ ತರುವುದು

ವಿಷಯ ಹೊರಗೆ ಬಿತ್ತು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಜಿಂಕ್ ಕಡಿಮೆ ಉಂಟು, ಅದನ್ನು ಸರಿ ಮಾಡಿದರೆ ನಾಲಿಗೆಗೆ ರುಚಿ ಬರಬಹುದು ಅಂತ ಹೇಳಿ ಜಿಂಕ್ ಗ್ಲುಕೋನೇಟ್ ಮಾತ್ರೆ ಬರೆದುಕೊಟ್ಟರು. ದಿನಕ್ಕೆ ಒಂದು, ಏನಾದರೂ ತಿಂದ ಮೇಲೆ.

ಧಣಿಗಳು ಕೆಟ್ಟವರಲ್ಲ. ಆದರೆ ಗಿರಾಕಿಗಳು ಒಬ್ಬೊಬ್ಬರೇ ಎದುರಿನ ಹೋಟೆಲಿಗೆ ದಾಟುತ್ತಿದ್ದರು. "ಚೌತಿವರೆಗೆ ನೋಡ್ತೇನೆ ಭಟ್ರೆ. ಆಗದಿದ್ದರೆ ಊರಿಂದ ಬೇರೆಯವರನ್ನು ಕರೆಸ್ತೇನೆ. ನೀವು ಆರಾಮಾಗಿ ಗಲ್ಲಾದಲ್ಲಿ ಕೂತುಕೊಳ್ಳಿ" ಅಂದರು.

ಭಟ್ರು ಮಾತ್ರೆ ತೆಗೆದುಕೊಳ್ಳಲು ನನ್ನ ಅಂಗಡಿಗೆ ಬಂದರು. "ಗಲ್ಲಾದಲ್ಲಿ ಕೂತು ಬೇರೆಯವನು ಮಾಡಿದ ಸಾಂಬಾರಿಗೆ ಟೋಕನ್ ಕೊಡುದಾ ಅಕ್ಕ? ಅದಕ್ಕಿಂತ ನಾನು ಊರಿಗೆ ಹೋಗಿ ಬಿದ್ದುಕೊಳ್ತೇನೆ" ಅಂದರು. ಇವರ ನಾಲಿಗೆ ತಂದುಕೊಡದೆ ಬಿಡುವುದಿಲ್ಲ ಅಂತ ಅಲ್ಲೇ ಸೊಂಟ ಕಟ್ಟಿದೆ.

ಹತ್ತು ದಿನ ಬಿಟ್ಟು ಕೇಳಿದೆ, "ಮಾತ್ರೆ ಹೇಗೆ ತಗೊಳ್ತೀರಿ ಭಟ್ರೆ?"

"ಮತ್ತೆ ಹೇಗೆ? ಕಾಫಿಯಲ್ಲಿ."

"ಕಾಫಿ ಜೊತೆ ತಗೊಂಡರೆ ಜಿಂಕ್ ಮೈಗೆ ಸರಿಯಾಗಿ ಹತ್ತುದಿಲ್ಲ ಮಾರಾಯ್ರೆ! ಕಾಫಿಗೂ ಮಾತ್ರೆಗೂ ಮಧ್ಯೆ ಎರಡು ಗಂಟೆಯಾದರೂ ಗ್ಯಾಪ್ ಬೇಕು."

ಭಟ್ರು ಬೆರಳು ಮಡಿಸಿ ಎಣಿಸಿದರು. ಬೆಳಿಗ್ಗೆ ನಾಲ್ಕೂವರೆಗೆ ಎದ್ದ ಕಾಫಿ. ಆರಕ್ಕೆ ಡಿಕಾಕ್ಷನ್ ಸರಿಯಾಗಿದೆಯಾ ಅಂತ ನೋಡುವ ಕಾಫಿ. ಎಂಟಕ್ಕೆ ರಶ್ ಮುಗಿದ ಕಾಫಿ. ಹತ್ತಕ್ಕೆ ಹಾಲಿನವ ಬಂದ ಕಾಫಿ. ಹನ್ನೊಂದೂವರೆಗೆ ಊಟದ ರಶ್ಶಿಗೆ ಮುಂಚಿನ ಕಾಫಿ. ಮಧ್ಯಾಹ್ನ ಮೂರಕ್ಕೆ, ನಾಲ್ಕೂವರೆಗೆ, ಆರಕ್ಕೆ, ರಾತ್ರಿ ಒಂಬತ್ತಕ್ಕೆ. ಅವರ ದಿನದಲ್ಲಿ ಮಾತ್ರೆಗೆ ಹಿಂದೆ ಎರಡು, ಮುಂದೆ ಎರಡು ಗಂಟೆ ಸಂದು ಇರುವುದು ನಿದ್ದೆಯಲ್ಲಿ ಮಾತ್ರ.

ನಾನು ಕಾಗದ ತೆಗೆದು ಟೈಮ್ ಟೇಬಲ್ ಬರೆದುಕೊಟ್ಟೆ. ಎಂಟರಿಂದ ಹನ್ನೆರಡರವರೆಗೆ ಕಾಫಿ ಬಂದ್, ನಡುವೆ ಹತ್ತಕ್ಕೆ ಮಾತ್ರೆ. ಭಟ್ರು ಅದನ್ನು ಕನ್ನಡಕ ಹಾಕಿ ಓದಿದರು, ಮಡಚಿ ಜೇಬಿಗೆ ಹಾಕಿದರು.

"ಅಕ್ಕ," ಅಂದರು, "ರೈಲ್ವೆಯವರು ಕೂಡ ಗಾಡಿ ನಿಲ್ಲಿಸುವ ಮೆಗಾಬ್ಲಾಕ್ ಭಾನುವಾರ ಮಾತ್ರ ಮಾಡ್ತಾರೆ."

೩. ಕಿಟಕಿ ಸೀಟು

ಟೈಮ್ ಟೇಬಲ್ ನಡೆಯಿತು. ಮೂರನೇ ದಿನ ಏಕಾದಶಿ ಬಂತು.

ಏಕಾದಶಿಗೆ ಭಟ್ರು ತೊಟ್ಟು ನೀರು ಬಿಟ್ಟರೆ ಏನೂ ಮುಟ್ಟುವುದಿಲ್ಲ. ಆದರೆ ಟೈಮ್ ಟೇಬಲಿನಲ್ಲಿ ಹತ್ತು ಗಂಟೆಗೆ ಮಾತ್ರೆ ಅಂತ ನನ್ನ ಕೈಬರಹ ಇದೆ. ನನ್ನನ್ನು ಕೇಳಬಹುದಿತ್ತು. ಅವರು ತಮ್ಮಷ್ಟಕ್ಕೆ ಧರ್ಮಸೂಕ್ಷ್ಮ ನೋಡಿದರು. ಮಾತ್ರೆ ಅಕ್ಕಿಯಲ್ಲ, ಬೇಳೆಯಲ್ಲ, ಹಾಗಾಗಿ ದೋಷ ಇಲ್ಲ. ಬರೀ ಹೊಟ್ಟೆಯಲ್ಲಿ ಮಾತ್ರೆ ನುಂಗಿ, ಠಾಣೆಯಲ್ಲಿರುವ ತಂಗಿಯ ಮನೆಗೆ ಹೋಗಲು ಲೋಕಲ್ ಹತ್ತಿದರು.

ಬರೀ ಹೊಟ್ಟೆಗೆ ಜಿಂಕ್ ಬಿದ್ದರೆ ಒಳಗೆ ಹತ್ತುವುದು ಚೆನ್ನಾಗಿಯೇ ಹತ್ತುತ್ತದೆ. ಆದರೆ ಹೊಟ್ಟೆ ತೊಳಸುತ್ತದೆ. ಅದಕ್ಕೇ ಡಾಕ್ಟರು ತಿಂದ ಮೇಲೆ ಅಂತ ಬರೆದದ್ದು. ದಿವಾ ಸ್ಟೇಷನ್ ದಾಟಿತು, ಭಟ್ರ ಹಣೆಯಲ್ಲಿ ಬೆವರು. ಮುಂಬ್ರಾ ಬಂತು, ಭಟ್ರು ಬಾಯಿಗೆ ಹೆಗಲ ಮೇಲಿನ ಬೈರಾಸು ಒತ್ತಿಕೊಂಡು "ವ್ಯಾಕ್" ಅಂತ ಒಂದೇ ಒಂದು ಶಬ್ದ ಮಾಡಿದರು. ಆ ರೈಲು ಡಬ್ಬಿಯ ಜನ ಹೆರಿಗೆ ನೋವು ಬಂದರೂ ಕಾಲು ಸರಿಸುವವರಲ್ಲ. ಅಂಥವರು ಇಡೀ ಬೆಂಚು ಖಾಲಿ ಮಾಡಿ ಎದ್ದು ನಿಂತರು.

ಮರುದಿನ ನಾನು ಅವರನ್ನು ಚೆನ್ನಾಗಿ ಬೈದೆ. "ಬುದ್ಧಿ ಉಂಟಾ ನಿಮಗೆ? ಉಪವಾಸದ ದಿನ ಮಾತ್ರೆ ಬಿಟ್ಟುಬಿಡಿ, ಒಂದು ದಿನ ತಪ್ಪಿದರೆ ಏನೂ ಆಗುದಿಲ್ಲ. ನನ್ನನ್ನು ಒಂದು ಮಾತು ಕೇಳಲಿಕ್ಕೆ ಎಂತ ಕಷ್ಟ?" ಅಂದೆ.

ಭಟ್ರು ತಲೆ ತಗ್ಗಿಸಿ ಎಲ್ಲ ಕೇಳಿದರು. ಆಮೇಲೆ ಮೆಲ್ಲ ಕೇಳಿದರು:

"ಅಲ್ಲ ಅಕ್ಕ, ಮೂವತ್ತು ವರ್ಷದಲ್ಲಿ ಮೊದಲನೇ ಸಲ ಕಿಟಕಿ ಸೀಟು ಸಿಕ್ಕಿತು. ಮುಂದಿನ ಸಲ ತಂಗಿ ಮನೆಗೆ ಹೋಗುವಾಗ ಬರೀ ಆ ಶಬ್ದ ಮಾತ್ರ ಮಾಡಿದರೆ ಸಾಕಾಗ್ತದಾ?"

೪. ರಬಾಳೆಯ ಪೊಟ್ಟಣ

ಆಷಾಢ ಕಳೆದು ಶ್ರಾವಣ ಬಂತು. ರುಚಿ ಬರಲಿಲ್ಲ. ಧಣಿಗಳು ತಾಳ್ಮೆ ಕಳೆದುಕೊಂಡು ತಾವೇ ಆನ್‌ಲೈನಿನಲ್ಲಿ ಒಂದು ದೊಡ್ಡ ಡಬ್ಬಿ ತರಿಸಿದರು. ಅದನ್ನು ನನ್ನ ಕೌಂಟರಿನ ಮೇಲೆ ಕುಟ್ಟಿ ಇಟ್ಟು, "ನೋಡಿ, ನಿಮ್ಮ ಮಾತ್ರೆಗಿಂತ ಇದರಲ್ಲಿ ನಂಬರ್ ದೊಡ್ಡದು" ಅಂದರು.

ನೋಡಿದೆ. ಜಿಂಕ್ ಆಕ್ಸೈಡ್.

"ಧಣಿ, ಡಬ್ಬಿಯಲ್ಲಿ ಎಷ್ಟು ಉಂಟು ಅನ್ನುವುದಲ್ಲ, ಮೈಗೆ ಎಷ್ಟು ಹತ್ತುತ್ತದೆ ಅನ್ನುವುದು ಮುಖ್ಯ. ಈ ಆಕ್ಸೈಡ್ ಕರಗಬೇಕಾದರೆ ಹೊಟ್ಟೆಯಲ್ಲಿ ಆಸಿಡ್ ಬೇಕು. ಭಟ್ರು ಎದೆ ಉರಿಗೆ ಅಂತ ದಿನಾ ಬೆಳಿಗ್ಗೆ ಆಸಿಡ್ ಕಡಿಮೆ ಮಾಡುವ ಮಾತ್ರೆ ನುಂಗ್ತಾರೆ. ಆಮೇಲೆ ಇದು ಕರಗುವುದು ಎಲ್ಲಿಂದ?"

"ಅಂದರೆ?"

"ಅಂದರೆ ಪುಣೆ ಎಕ್ಸ್‌ಪ್ರೆಸ್ಸು ಡೊಂಬಿವ್ಲಿಯಲ್ಲಿ ಹೋದ ಹಾಗೆ. ಬರ್ತದೆ, ಸದ್ದು ಮಾಡ್ತದೆ, ಹೋಗ್ತದೆ. ನಿಲ್ಲುದಿಲ್ಲ. ಗ್ಲುಕೋನೇಟು, ಸಿಟ್ರೇಟು ಇವೆಲ್ಲ ಇಲ್ಲಿ ಹಾಲ್ಟ್ ಇರುವ ಗಾಡಿಗಳು."

ದಿನಾ ಲೋಕಲಿನಲ್ಲಿ ಓಡಾಡಿದ ಮನುಷ್ಯ, ತಕ್ಷಣ ಅರ್ಥವಾಯಿತು. ಡಬ್ಬಿ ತೆಗೆದುಕೊಂಡು ಹೋಗಿ ಗಲ್ಲಾದ ಮೇಲೆ ಇಟ್ಟರು. ಇಟ್ಟದ್ದೇ ತಪ್ಪಾಯಿತು. ಮುಕಾದಮ ಮರುದಿನ ಬೆಳಿಗ್ಗೆ ಬಿಲ್ಲು ಕೊಡುವಾಗ ಡಬ್ಬಿಯ ಮೇಲಿನ ಅಕ್ಷರ ಕೂಡಿಸಿ ಓದಿದ. ಸಂಜೆ ಕೆಲಸ ಮುಗಿಸಿ ಬಂದು, ಪೇಪರಿನಲ್ಲಿ ಕಟ್ಟಿದ ಮುಷ್ಟಿ ಗಾತ್ರದ ಒಂದು ಪೊಟ್ಟಣವನ್ನು ನನ್ನ ಮುಂದೆ ಬಿಚ್ಚಿದ. ಒಳಗೆ ಅಚ್ಚ ಬಿಳಿ ಪುಡಿ.

"ಇದೇನು?"

"ಜಿಂಕ್ ಆಕ್ಸೈಡ್ರಿ ಅಕ್ಕಾರ! ನಮ್ಮ ಕಾರ್ಖಾನಿಗಿ ಚೀಲಗಟ್ಟಲೆ ಬರ್ತದ. ಚೀಲದ ಮ್ಯಾಲ ಅದೇ ಅಕ್ಷರ. ಸಾಹೇಬ್ರಿಗಿ ಕೇಳೇ ತಂದೀನ್ರಿ. ಪಾಪ, ಭಟ್ರು ದಿನಾ ಒಂದೀಟು ಒಂದೀಟು ಗುಳಿಗಿ ನುಂಗೋದು ನೋಡ್ಲಾಕ ಆಗವಲ್ದು. ಒಂದ ಸಲ ಎರಡು ಚಮಚಾ ಮಜ್ಜಿಗ್ಯಾಗ ಹಾಕಿ ಕುಡಸಿ ಬಿಡೋಣು."

"ಅಯ್ಯೋ, ನಿನ್ನ! ಅದು ಟೈರಿಗೆ ಹಾಕುವ ಪುಡಿ ಮಾರಾಯ, ಮನುಷ್ಯರಿಗಲ್ಲ! ಅದರಲ್ಲಿ ಇನ್ನೇನೇನು ಕಲಬೆರಕೆ ಉಂಟೋ. ಜಿಂಕ್ ಆದರೂ ಅಳತೆ ಮೀರಿದರೆ ವಿಷವೇ. ನೀನು ಚೀಲ ಇಳಿಸುವಾಗ ಮೂಗಿಗೆ ಮಾಸ್ಕ್ ಹಾಕ್ತೀಯಾ ಇಲ್ಲವಾ?"

"ಸೆಕಿ ಆಗ್ತದ್ರಿ, ಹಾಕೂದಿಲ್ಲ."

ನಾನು ಅವನಿಗೂ ಒಂದು ಕಂತು ಬೈದು, ಒಂದು ಮಾಸ್ಕ್ ಕೊಟ್ಟು, ಪುಡಿಯನ್ನು ಅದೇ ಪೇಪರಿನಲ್ಲಿ ಕಟ್ಟಿ ವಾಪಸು ಕಳಿಸಿದೆ. ಅವನು ಮೆಟ್ಟಿಲು ಇಳಿದವ ತಿರುಗಿ ನಿಂತ.

"ಬೈಬ್ಯಾಡ್ರಿ ಅಕ್ಕಾರ. ಹತ್ತು ವರ್ಷ ಈ ಪುಡಿ ಮೂಗಿಲೆ ತಗೊಂಡೀನಿ. ಸಾಂಬಾರಿನ್ಯಾಗ ಉಪ್ಪಿಲ್ಲ ಅಂತ ಊರಾಗ ಮೊದಲ ಹಿಡದಾಂವ ಯಾರು ಹೇಳ್ರಿ?"

೫. ಊರಿಂದ ಫೋನು

ಎದೆ ಉರಿಯ ಮಾತ್ರೆಯ ವಿಷಯ ಕೇಳಿ ಡಾಕ್ಟರೇ ಅದನ್ನು ನಿಲ್ಲಿಸಿದರು. ಕಾಫಿ ಬಂದ್ ಆಯಿತು. ಮಾತ್ರೆ ಗ್ಲುಕೋನೇಟು. ಆದರೂ ನಾಲಿಗೆ ಮಾತಾಡುವುದಿಲ್ಲ! ಚೌತಿಗೆ ಐದು ವಾರ ಉಳಿದಿತ್ತು. ಭಟ್ರು ನೈವೇದ್ಯದ ನಂತರದ ಆ ಒಂದು ಚಮಚವನ್ನು ಬಿಟ್ಟೇಬಿಟ್ಟಿದ್ದರು. ನೆಕ್ಕಿದರೆ ಏನೂ ಗೊತ್ತಾಗುವುದಿಲ್ಲ ಅನ್ನುವ ಹೆದರಿಕೆ. ಬರೀ ಕೈ ಅಂದಾಜಿನಲ್ಲಿ ಅಡಿಗೆ ನಡೆಯುತ್ತಿತ್ತು.

ನಾನು ಪೋಲೀಸಿನವರ ಹಾಗೆ ವಿಚಾರಣೆಗೆ ಕೂತೆ. "ಮಾತ್ರೆ ಯಾವುದರ ಜೊತೆ ತಗೊಳ್ತೀರಿ? ಸತ್ಯ ಹೇಳಿ."

"ಹಾಲಿನಲ್ಲಿ ಕದಡಿದ ರಾಗಿ. ನನ್ನ ಹೆಂಡತಿ ಊರಿಂದ ಹುರಿದು ಬೀಸಿ ಕಳಿಸಿದ್ದು."

ಹಣೆ ಚಚ್ಚಿಕೊಂಡೆ. ರಾಗಿಯಂಥ ಧಾನ್ಯದಲ್ಲಿ ಜಿಂಕನ್ನು ಗಟ್ಟಿಯಾಗಿ ಹಿಡಿದುಕೊಳ್ಳುವ ಒಂದು ವಸ್ತು ಇರುತ್ತದೆ, ಫೈಟೇಟ್ ಅಂತ. ಅದಕ್ಕೆ ಮೇಲಿಂದ ಹಾಲಿನ ಕ್ಯಾಲ್ಸಿಯಂ ಕೈ ಸೇರಿಸಿದರೆ ಮಾತ್ರೆಗೆ ಬಿಡುಗಡೆ ಎಲ್ಲಿ? "ರಾಗಿ ಸಂಜೆ ಕುಡಿಯಿರಿ, ಮಾತ್ರೆ ಜೊತೆ ಬೇಡ" ಅಂದೆ. ಭಟ್ರಿಗೆ ಧೈರ್ಯ ಸಾಲಲಿಲ್ಲ. ಊರಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ, ನನ್ನ ಕೈಗೆ ಕೊಟ್ಟು ತಾವು ಎರಡು ಹೆಜ್ಜೆ ಹಿಂದೆ ನಿಂತರು.

"ಯಾರಿದು ನನ್ನ ರಾಗಿಗೆ ಹೆಸರಿಡುವವರು?" ಅಂತ ಆ ಕಡೆಯಿಂದ ಬಂತು. ಇನ್ನೂ ನಮಸ್ಕಾರ ಕೂಡ ಆಗಿರಲಿಲ್ಲ.

"ರಾಗಿ ಒಳ್ಳೆಯದೇ ಅತ್ತಿಗೆ. ಮಾತ್ರೆ ತಗೊಳ್ಳುವ ಹೊತ್ತಿಗೆ ಮಾತ್ರ ಬೇಡ ಅಂತ."

"ಮತ್ತೆ ಎಂತದು ತಿನ್ನಬೇಕು ಅವರು? ಹೇಳಿ, ಪಾರ್ಸೆಲ್ ಮಾಡ್ತೇನೆ."

"ಪಾರ್ಸೆಲ್ ಎಂತಕ್ಕೆ? ಇಡ್ಲಿ ಸಾಕು. ಹಿಟ್ಟು ಹುಳಿ ಬರುವಾಗ ಆ ಹಿಡಿದುಕೊಳ್ಳುವ ವಸ್ತು ಸುಮಾರಷ್ಟು ಒಡೆದುಹೋಗ್ತದೆ. ಎರಡು ಇಡ್ಲಿ ತಿಂದು ಮಾತ್ರೆ ನುಂಗಿದರೆ ಒಳ್ಳೇದು. ಇವರ ಹೋಟೆಲಿನಲ್ಲಿ ಇಡ್ಲಿಗೆ ಬರವಾ?"

ಹಿಂದಿನಿಂದ ಭಟ್ರು ಹಾಲು ಕುಡಿದ ಬೆಕ್ಕಿನ ಹಾಗೆ ಮುಖ ಮಾಡಿ, "ನಾನು ಇಡ್ಲಿ ತಿನ್ನುದಿಲ್ಲ" ಅಂದರು.

"ಯಾಕೆ?"

"ದಿನಾ ಐನೂರು ಇಡ್ಲಿ ಬೇಯಿಸುವವನಿಗೆ ಇಡ್ಲಿ ಮುಖ ನೋಡಿದರೆ ವಾಕರಿಕೆ ಬರ್ತದೆ ಅಕ್ಕ."

"ಮತ್ತೆ ಬೆಳಿಗ್ಗೆ ಎಂತ ತಿಂತೀರಿ?"

ಭಟ್ರು ನೆಲ ನೋಡಿದರು.

"ಸ್ಟೇಷನ್ ಹೊರಗೆ... ವಡಾಪಾವ್."

ಊರಿಂದ ನಿಧಾನಕ್ಕೆ ಪ್ರಶ್ನೆ ಬಂತು, "ಬೆಳ್ಳುಳ್ಳಿ ಚಟ್ನಿ ಹಾಕಿಸಿಕೊಂಡದ್ದು ಉಂಟಾ?"

ತಲೆತಲಾಂತರದಿಂದ ಬೆಳ್ಳುಳ್ಳಿ ಮುಟ್ಟದ ಮನೆತನ. ಭಟ್ರು ಫೋನಿನ ಕಡೆ ಕೈಮುಗಿದು ಹೇಳಿದರು:

"ನಾಲಿಗೆಗೆ ರುಚಿಯೇ ಗೊತ್ತಾಗದ ಮೇಲೆ ಅದು ಬೆಳ್ಳುಳ್ಳಿ ಅಂತ ನನಗೆ ಹೇಗೆ ಗೊತ್ತಾಗಬೇಕು ಮಾರಾಯ್ತಿ?"

"ಜ್ವರ ಬಂದದ್ದು ಜೂನಿನಲ್ಲಿ," ಅಂದಿತು ಫೋನು. "ಅದಕ್ಕಿಂತ ಮೊದಲು?"

೬. ಮೂರು ಬಟ್ಟಲು

ಮಾರನೇ ದಿನದಿಂದ ಇಡ್ಲಿ. ಅದು ಹೆಂಡತಿಯ ಆರ್ಡರು, ದಿನಾ ಬೆಳಿಗ್ಗೆ ವಿಡಿಯೋ ಕಾಲಿನಲ್ಲಿ ತಿಂದು ತೋರಿಸಬೇಕು. ಎರಡು ಇಡ್ಲಿ, ಮಾತ್ರೆ, ಬಿಸಿನೀರು. ನಾಲ್ಕನೇ ವಾರ ಭಟ್ರು ನನ್ನ ಹತ್ತಿರ ಬಂದು, "ಇವತ್ತು ಚಟ್ನಿಯಲ್ಲಿ ಏನೋ ಚುರ್ ಅಂದ ಹಾಗಾಯಿತು. ಭ್ರಮೆಯೋ ಏನೋ" ಅಂದರು. "ಸಾಂಬಾರು ನೆಕ್ಕಿ ನೋಡಿ" ಅಂದೆ. "ಬೇಡ ಅಕ್ಕ. ಭ್ರಮೆ ಅಂತ ಗೊತ್ತಾದರೆ ನನಗೆ ತಡೆಯಲಿಕ್ಕೆ ಆಗ್ಲಿಕ್ಕಿಲ್ಲ" ಅಂದು ಹೋದರು. ಆ ಮಾತು ಕೇಳಿ ನನಗೆ ಅಳು ಬಂತು, ಗಿರಾಕಿ ಇದ್ದದ್ದಕ್ಕೆ ನುಂಗಿಕೊಂಡೆ.

ಚೌತಿ ಬಂತು. ಧಣಿಗಳು ಹೇಳಿದ ಮಾತಿಗೆ ನಿಲ್ಲುವ ಮನುಷ್ಯ. ಊರಿನ ಹೊಸ ಭಟ್ರಿಗೆ ಹೇಳಿಯೂ ಆಗಿತ್ತು, ಅವರು ಆ ದಿನ ರಾತ್ರಿ ರೈಲು ಹತ್ತುವವರಿದ್ದರು. ಬೇಡ ಅನ್ನುವುದಾದರೆ ಮಧ್ಯಾಹ್ನದೊಳಗೆ ಫೋನು ಮಾಡಬೇಕು. ನೈವೇದ್ಯ ಮುಗಿದ ಮೇಲೆ ಧಣಿಗಳು ಒಂದು ಟೇಬಲ್ ಖಾಲಿ ಮಾಡಿಸಿ ಮೂರು ಬಟ್ಟಲು ಇಟ್ಟರು. ಮೂರರಲ್ಲೂ ಸಾಂಬಾರು. ಸಾಕ್ಷಿಗೆ ನಾನು ಮತ್ತು ಮುಕಾದಮ. ಅವನು ಹಬ್ಬದ ರಜೆಯಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ.

"ಭಟ್ರೆ, ಕಣ್ಣಿಗೆ ಬೈರಾಸು ಕಟ್ಟಿಕೊಳ್ಳಿ. ಒಂದೊಂದೇ ನೆಕ್ಕಿ ಹೇಳಿ, ಯಾವುದು ಹೇಗಿದೆ ಅಂತ."

ಭಟ್ರು ಮನಸ್ಸಿನಲ್ಲೇ ಏನೋ ಹೇಳಿಕೊಂಡು ಅಂಗೈ ಚಾಚಿದರು. ಮೊದಲ ಬಟ್ಟಲಿನ ಒಂದು ಚಮಚ ಹಾಕಿದೆವು. ನೆಕ್ಕಿದರು.

"ಇದು..." ಅಂದರು ಮೆಲ್ಲಗೆ. "ಹುಣಸೆಹುಳಿ ಕಡಿಮೆ, ಟೊಮೇಟೊ ಜಾಸ್ತಿ. ಎದುರಿನ ಹೋಟೆಲಿನದ್ದು."

ಸರಿ ಇತ್ತು! ಧಣಿಗಳ ಹುಬ್ಬು ಮೇಲೆ ಹೋಯಿತು. ಮುಕಾದಮ ನನ್ನ ತೋಳು ಹಿಡಿದು ಅಲ್ಲಾಡಿಸಿದ. ಎರಡನೆಯದು ಹಾಕಿದೆವು.

"ಉಪ್ಪು ಮುಟ್ಟಿದ ಕೈಯೇ ಅಲ್ಲ ಇದು. ಬೇಳೆ ಒಳ್ಳೇದು, ಇಂಗು ಒಳ್ಳೇದು. ಧಣಿಗಳ ಮನೆಯದ್ದು."

ಅದೂ ಸರಿ. ಈಗ ಭಟ್ರ ಬೆನ್ನು ನೆಟ್ಟಗಾಯಿತು, ದನಿ ಏರಿತು. "ಮೂರನೇದು ಹಾಕಿ, ಹಾಕಿ!" ಅಂದರು. ಹಾಕಿದೆವು. ನೆಕ್ಕಿದವರು ಮುಖವನ್ನು ಒಣಗಿದ ನಿಂಬೆಹಣ್ಣು ಮಾಡಿಕೊಂಡರು.

"ಥತ್! ಇದೆಂಥ ದರಿದ್ರ! ಬೆಲ್ಲ ಯಾರಪ್ಪನ ಮನೆಯದ್ದು ಅಂತ ಸುರಿದದ್ದು ಇವನು? ಉಪ್ಪು ಇಲ್ಲ. ಕೊತ್ತಂಬರಿ ಕರಟಿ ಹೋಗಿದೆ. ಊರಿಂದ ಕರೆಸಿದ ಭಟ್ಟನಾ ಧಣಿ ಇವನು? ಅವನನ್ನು ಒಲೆಯ ಹತ್ತಿರ ಬಿಡಬೇಡಿ, ನಾನು ಗಲ್ಲಾದಲ್ಲಿ ಕೂತರೂ ಅಡ್ಡಿಯಿಲ್ಲ, ಇವನು ಮಾತ್ರ ಬೇಡ. ಜನ ಸಾಯ್ತಾರೆ!"

ಧಣಿಗಳು ಎದ್ದು ಹೋಗಿ ತಾವೇ ಭಟ್ರ ಕಣ್ಣಿನ ಬೈರಾಸು ಬಿಚ್ಚಿದರು.

"ನಿಮ್ಮದೇ ಭಟ್ರೆ. ಇವತ್ತು ಬೆಳಿಗ್ಗೆ ನೀವು ಮಾಡಿದ್ದು."

ಭಟ್ರು ಬಟ್ಟಲು ನೋಡಿದರು, ನಮ್ಮ ಮುಖ ನೋಡಿದರು. "ಜ್ವರ ಬಿಟ್ಟಾಗಿನಿಂದ ಹೀಗೇ ಇತ್ತಾ?" ಅಂತ ಮುಕಾದಮನನ್ನು ಕೇಳಿದರು. "ನೀನು ಇದನ್ನು ತಿಂದೆಯಾ ಮಾರಾಯ?"

"ದಿನಾ ತಿಂದೀನ್ರಿ. ಹಲ್ಲು ಕಚ್ಚಿ ತಿಂದೀನ್ರಿ. ನಾವೂ ಎದುರಿಗಿ ಹೋದ್ರ ನಿಮ್ಮನ್ನ ಗಲ್ಲಾಕ್ಕ ಕೂಡಸ್ತಾರಲ್ರಿ."

ಧಣಿಗಳು ಅಷ್ಟು ಹೊತ್ತಿಗೆ ಫೋನು ಕಿವಿಗಿಟ್ಟು ಊರಿಗೆ ಹೇಳುತ್ತಿದ್ದರು, "ಬರುದು ಬೇಡ, ಬೇಡ, ಟಿಕೆಟು ಕ್ಯಾನ್ಸಲ್ ಮಾಡಿ." ಭಟ್ರಿಗೆ ಅದು ಕೇಳಿಸಲೇ ಇಲ್ಲ. ಅವರು ಅಲ್ಲೇ ಬೆಂಚಿನ ಮೇಲೆ ಕೂತು ಮೂರನೇ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒಂದು ಗುಟುಕು ಕುಡಿದರು.

"ಅಯ್ಯೋ ದೇವರೇ, ಎಷ್ಟು ಕೆಟ್ಟದಾಗಿದೆ!" ಅಂದರು. ಕಣ್ಣಲ್ಲಿ ದಳದಳ ನೀರು, ಮುಖದ ತುಂಬ ನಗು. ಇನ್ನೊಂದು ಗುಟುಕು. "ಛೀ ಛೀ ಛೀ, ಎಷ್ಟು ಕೆಟ್ಟದಾಗಿದೆ ಅಕ್ಕ!"

ಹಾಗೆ ಹೇಳುತ್ತಾ ಹೇಳುತ್ತಾ ತಳದ ಬೇಳೆಯನ್ನೂ ಬೆರಳಲ್ಲಿ ಬಳಿದು ನೆಕ್ಕಿ, ಬಟ್ಟಲು ಮುಂದೆ ಚಾಚಿ, "ಇನ್ನೊಂದು ಸೌಟು ಹಾಕಿ" ಅಂದರು.